ಒಂದು ತಾಸಿನ ದಾರಿಗೆ ಮೂರು ಲೆಕ್ಕ

“ಎಷ್ಟು ದೂರ?” ಎಂದು ಕೇಳಿದರೆ ಹಿಂದಿನವರು ಮೈಲಿಯನ್ನಾಗಲಿ ಕಿಲೋಮೀಟರನ್ನಾಗಲಿ ಹೇಳುತ್ತಿರಲಿಲ್ಲ. ಹರದಾರಿ ಎಂಬ ಅಳತೆ ಇತ್ತು ನಿಜ. ಆದರೂ ಬಾಯಿಗೆ ಮೊದಲು ಬರುತ್ತಿದ್ದುದು ಹೊತ್ತಿನ ಲೆಕ್ಕ. ನಸುಕಿನಲ್ಲಿ ಎತ್ತು ಹೂಡಿದರೆ ಹೊತ್ತು ಮುಳುಗುವುದರೊಳಗೆ ಮುಟ್ಟುವ ಊರು ಒಂದು ದಿನದ ದಾರಿ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬರುತ್ತಿದ್ದವರು ದಾರಿಯನ್ನು ಅಳೆಯುತ್ತಿದ್ದುದು ಹೀಗೆಯೇ. ಎಲ್ಲಿ ಬುತ್ತಿ ಬಿಚ್ಚಬೇಕು, ಎಲ್ಲಿ ಎತ್ತಿಗೆ ನೀರು ಕುಡಿಸಬೇಕು, ಎಲ್ಲಿ ರಾತ್ರಿ ಕಳೆಯಬೇಕು ಎಂಬುದೆಲ್ಲ ಆ ಲೆಕ್ಕದಲ್ಲಿ ಸೇರಿರುತ್ತಿತ್ತು. ಅದು ಮನೆಯ ಹೊಸ್ತಿಲಿನಿಂದ ಆರಂಭವಾಗಿ ಗುಡಿಯ ಹೊಸ್ತಿಲಿನಲ್ಲಿ ಮುಗಿಯುತ್ತಿತ್ತು.

ವಿಮಾನದ ಟಿಕೇಟಿನ ಲೆಕ್ಕ ಹಾಗಲ್ಲ. ಅದು ಒಂದು ವಿಮಾನ ನಿಲ್ದಾಣದಲ್ಲಿ ಹುಟ್ಟಿ ಇನ್ನೊಂದು ನಿಲ್ದಾಣದಲ್ಲಿ ತೀರಿಹೋಗುತ್ತದೆ. ಆ ಕಡೆಗೂ ಈ ಕಡೆಗೂ ಉಳಿದ ದಾರಿ ಪ್ರಯಾಣಿಕನ ಪಾಲಿನದು. ಈ ಸಣ್ಣ ವ್ಯತ್ಯಾಸ ಸವದತ್ತಿ ಕಡೆಯ ಒಂದು ಮನೆಯಲ್ಲಿ ಮೊದಲು ನಗೆಗೂ ಆಮೇಲೆ ಒಂದು ದೊಡ್ಡ ನಿರ್ಧಾರಕ್ಕೂ ಕಾರಣವಾಯಿತು.

ಆ ಮನೆಯ ಹಿರಿಯ ಮಗಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಳು. ಮೊದಲ ಸಂಬಳ ಕೈಗೆ ಬಂದ ವರ್ಷ ಪಂಚಮಿ ಹಬ್ಬಕ್ಕೆ ವಿಮಾನದಲ್ಲಿ ಬರುವ ಆಸೆ ಆಯಿತು. “ಅವ್ವಾ, ಬೆಂಗಳೂರಿನಿಂದ ಬೆಳಗಾವಿಗೆ ಒಂದ ತಾಸು ಹತ್ತು ಮಿನಿಟು ಅಷ್ಟ. ಬಿಸಿ ರೊಟ್ಟಿ ಬಡಿಯೋದ್ರಾಗ ಬಂದಬಿಡ್ತೀನಿ” ಎಂದು ಫೋನಿನಲ್ಲಿ ಹೇಳಿದಳು. ಒಂಬತ್ತನೆಯ ಇಯತ್ತೆಯಲ್ಲಿ ಓದುವ ತಮ್ಮನಿಗೆ ಅಷ್ಟೇ ಸಾಕಾಯಿತು. ಜೆಟ್ ವಿಮಾನ ತಾಸಿಗೆ ಸುಮಾರು 800 ಕಿ.ಮೀ. ವೇಗದಲ್ಲಿ ಹಾರುತ್ತದೆಂದು ಅವನು ಓದಿದ್ದ. ಪಟ್ಟಿ, ಪೆನ್ಸಿಲು ತೆಗೆದು ದೂರ ಹುಡುಕಲು ಕುಳಿತ.

ಅವನು ಹಾಕಿದ ಲೆಕ್ಕವನ್ನು ಯಾವ ಮಗುವೂ ಹಾಕಬಹುದು. ಭೂಮಿಯ ಮೇಲೆ ಪ್ರತಿ ಸ್ಥಳಕ್ಕೂ ಎರಡು ಅಂಕಿಗಳ ವಿಳಾಸವಿದೆ. ಒಂದು ಅಕ್ಷಾಂಶ, ಇನ್ನೊಂದು ರೇಖಾಂಶ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ ಸುಮಾರು 15.86 ಡಿಗ್ರಿ ಉತ್ತರ ಅಕ್ಷಾಂಶ, 74.62 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ದೇವನಹಳ್ಳಿ ಬಳಿಯ ಕೆಂಪೇಗೌಡ ವಿಮಾನ ನಿಲ್ದಾಣ 13.20 ಡಿಗ್ರಿ ಉತ್ತರ, 77.71 ಡಿಗ್ರಿ ಪೂರ್ವದಲ್ಲಿದೆ. ಅಕ್ಷಾಂಶದಲ್ಲಿ 2.66 ಡಿಗ್ರಿ ಅಂತರ, ರೇಖಾಂಶದಲ್ಲಿ 3.09 ಡಿಗ್ರಿ ಅಂತರ. ಈ ಭಾಗದಲ್ಲಿ ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 110.6 ಕಿ.ಮೀ. ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಹೋದಂತೆ ಒಂದರ ಹತ್ತಿರ ಒಂದು ಬರುವುದರಿಂದ ಅದರ ಒಂದು ಡಿಗ್ರಿ ಇಲ್ಲಿ ಸ್ವಲ್ಪ ಕಡಿಮೆ, ಸುಮಾರು 107.8 ಕಿ.ಮೀ. ಅಂದರೆ ಬೆಂಗಳೂರು ನಿಲ್ದಾಣವು ಸಾಂಬ್ರಾದಿಂದ ತೆಂಕಣಕ್ಕೆ 294 ಕಿ.ಮೀ., ಮೂಡಣಕ್ಕೆ 333 ಕಿ.ಮೀ. ಇನ್ನು ಉಳಿದದ್ದು ಪೈಥಾಗೊರಸನ ಪ್ರಮೇಯ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಬರುವ ಕರ್ಣ 444 ಕಿ.ಮೀ.

ಈ 444ರಲ್ಲಿ ಒಂದು ಸೊಗಸಿದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅದನ್ನು 90ರಿಂದ ಭಾಗಿಸಿದರೆ ಬರುವುದು 444. ಬೆಳಗಾವಿಯಿಂದ ಬೆಂಗಳೂರಿಗೆ ಹಾರುವವನು ಭೂಮಿಯನ್ನು ತೊಂಬತ್ತರಲ್ಲಿ ಒಂದು ಪಾಲು ಸುತ್ತಿದಂತೆ! ವಿಮಾನ ಚಾಲಕರು ಬಳಸುವ ನಾಟಿಕಲ್ ಮೈಲಿಯಲ್ಲಿ ಹೇಳಿದರೆ ಇದು 240. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಅದು ಭೂಗೋಳದ ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಭಾಗ.

ಪೈಥಾಗೊರಸ್ ಇಲ್ಲಿ ಕೈಕೊಡದಿರುವುದಕ್ಕೆ ದೂರ ಸಣ್ಣದಾಗಿರುವುದೇ ಕಾರಣ. ನೂರಾರು ಕಿಲೋಮೀಟರಿನ ಮಟ್ಟಿಗೆ ಭೂಮಿಯನ್ನು ಚಪ್ಪಟೆ ಎಂದು ಎಣಿಸಿದರೂ ಹೆಚ್ಚು ಕೆಡುವುದಿಲ್ಲ. ಸಾವಿರಾರು ಕಿಲೋಮೀಟರಿಗೆ ಆ ಮಾತು ನಡೆಯುವುದಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಎಲ್ಲೂ ಇಳಿಯದೆ ಬೆಂಗಳೂರಿಗೆ ಬಂದಿತು. ಅದನ್ನು ನಡೆಸಿದವರೆಲ್ಲ ಮಹಿಳಾ ಪೈಲಟ್‌ಗಳು. ಸುಮಾರು 14,000 ಕಿ.ಮೀ.ಗಳ ಆ ದಾರಿ ಹಾಯ್ದದ್ದು ಉತ್ತರ ಧ್ರುವದ ಮೇಲೆ. ಗೋಡೆಯ ಭೂಪಟದಲ್ಲಿ ಅದು ವಿಚಿತ್ರವಾಗಿ ಕಾಣುತ್ತದೆ. ಭೂಗೋಳದ ಮೇಲೆ ಎರಡೂ ಊರುಗಳ ನಡುವೆ ಒಂದು ದಾರ ಬಿಗಿಹಿಡಿದು ನೋಡಿದರೆ ಮಾತ್ರ ಅದೇ ಹತ್ತಿರದ ದಾರಿ ಎಂದು ತಿಳಿಯುತ್ತದೆ. ಆ ವಿಮಾನ ಅಲ್ಲಿಯ 9ನೆಯ ತಾರೀಖು ರಾತ್ರಿ ಹೊರಟು ಇಲ್ಲಿಯ 11ನೆಯ ತಾರೀಖು ನಸುಕಿನಲ್ಲಿ ಇಳಿಯಿತು. ಹಾಗೆಂದು ಅದು ಮೂವತ್ತೊಂದು ತಾಸು ಹಾರಿತೆಂದು ತಿಳಿಯಬಾರದು. ಚಳಿಗಾಲದಲ್ಲಿ ಎರಡೂ ಊರುಗಳ ಗಡಿಯಾರಕ್ಕೆ ಹದಿಮೂರೂವರೆ ತಾಸಿನ ಅಂತರವಿರುತ್ತದೆ. ಅದನ್ನು ಕಳೆದರೆ ಸುಮಾರು ಹದಿನೇಳು ತಾಸು ಉಳಿಯುತ್ತದೆ. ಪರದೇಶದ ಟಿಕೇಟಿನಲ್ಲಿ ಹೊರಡುವ ವೇಳೆ ಆ ಊರಿನದು, ಮುಟ್ಟುವ ವೇಳೆ ಈ ಊರಿನದು ಎಂಬುದನ್ನು ಮಕ್ಕಳನ್ನು ಬೀಳ್ಕೊಡುವ ತಂದೆತಾಯಿಯರು ನೆನಪಿಡುವುದು ಒಳ್ಳೆಯದು.

ಮತ್ತೆ ಹುಡುಗನ ಪಟ್ಟಿಗೆ ಬರೋಣ. 444ನ್ನು 800ರಿಂದ ಭಾಗಿಸಿದಾಗ 33 ನಿಮಿಷ ಬಂದಿತು. ಟಿಕೇಟಿನಲ್ಲಿ 70 ನಿಮಿಷ ಎಂದಿತ್ತು. “ಅಕ್ಕಾ, ನಿನ್ನ ವಿಮಾನದವ್ರು ಅರ್ಧಕ್ಕರ್ಧ ಸುಳ್ಳ ಹೇಳ್ಯಾರ ನೋಡು” ಎಂದು ಅವನು ನಕ್ಕ.

ಸುಳ್ಳು ಯಾರೂ ಹೇಳಿರಲಿಲ್ಲ. ಟಿಕೇಟಿನ ವೇಳೆ ವಿಮಾನ ನೆಲ ಬಿಟ್ಟಾಗ ಆರಂಭವಾಗುವುದಿಲ್ಲ. ಚಕ್ಕಡಿ ಇಳಿಜಾರಿನಲ್ಲಿ ಉರುಳದಂತೆ ಗಾಲಿಗೆ ಕಲ್ಲು ಕೊಡುತ್ತಾರಲ್ಲ, ನಿಂತ ವಿಮಾನದ ಗಾಲಿಗೂ ಹಾಗೆಯೇ ಅಡೆ ಕೊಟ್ಟಿರುತ್ತಾರೆ. ಆ ಅಡೆ ತೆಗೆದು ವಿಮಾನ ಕದಲಿದ ಗಳಿಗೆಯಿಂದ, ಇನ್ನೊಂದು ಊರಿನಲ್ಲಿ ನಿಂತು ಮತ್ತೆ ಅಡೆ ಕೊಡುವ ಗಳಿಗೆಯವರೆಗೆ ಟಿಕೇಟಿನ ವೇಳೆ. ಬೆಂಗಳೂರಿನಂತಹ ದೊಡ್ಡ ನಿಲ್ದಾಣದಲ್ಲಿ ತಲಾ ನಾಲ್ಕು ಕಿ.ಮೀ. ಉದ್ದದ ಎರಡು ಓಡುದಾರಿಗಳಿವೆ. ನಿಂತ ಜಾಗದಿಂದ ಓಡುದಾರಿಯ ತುದಿಯವರೆಗೆ ಉರುಳಿಕೊಂಡು ಹೋಗಿ, ಮುಂದಿನ ವಿಮಾನಗಳು ಏರುವವರೆಗೆ ಸರದಿಯಲ್ಲಿ ಕಾಯುವುದರಲ್ಲಿಯೇ ಹತ್ತು ಹದಿನೈದು ನಿಮಿಷ ಹೋಗಬಹುದು.

ಎರಡನೆಯದು, 800 ಕಿ.ಮೀ. ಎಂಬುದು ಎತ್ತರಕ್ಕೆ ಏರಿ ನೆಟ್ಟಗೆ ಹಾರುವಾಗಿನ ವೇಗ. ಹತ್ತು ಸಾವಿರ ಅಡಿಗಿಂತ ಕೆಳಗೆ ಸಾಮಾನ್ಯವಾಗಿ ವಿಮಾನಗಳು 250 ನಾಟ್, ಅಂದರೆ ಗಂಟೆಗೆ ಸುಮಾರು 463 ಕಿ.ಮೀ. ಮಿತಿಯಲ್ಲಿ ಹಾರಬೇಕು. ಇಳಿಯುವಾಗಲೂ ಹಾಗೆಯೇ. ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ದೂರ ಬೇಕೆಂಬುದು ಪೈಲಟ್‌ಗಳ ಕೈಲೆಕ್ಕ. 27,000 ಅಡಿಯಲ್ಲಿ ಹಾರುವ ವಿಮಾನ 3,000 ಅಡಿ ಎತ್ತರದಲ್ಲಿರುವ ಬೆಂಗಳೂರು ನಿಲ್ದಾಣಕ್ಕೆ ಇಳಿಯಬೇಕಾದರೆ 72 ನಾಟಿಕಲ್ ಮೈಲಿ, ಅಂದರೆ ಸುಮಾರು 133 ಕಿ.ಮೀ. ಮೊದಲೇ ಇಳಿಯಲು ತೊಡಗಬೇಕು. ಏರುವುದಕ್ಕೂ ನೂರಕ್ಕೂ ಹೆಚ್ಚು ಕಿ.ಮೀ. ಬೇಕು. 444 ಕಿ.ಮೀ.ಗಳಲ್ಲಿ ಏರಿಕೆಗೂ ಇಳಿಕೆಗೂ ಹೋಗಿ ಪೂರ್ಣ ವೇಗಕ್ಕೆ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಹುಬ್ಬಳ್ಳಿಯ ಬಸ್ಸು ಧಾರವಾಡದ ಪೇಟೆ ದಾಟುವುದರಲ್ಲಿಯೇ ಹೊತ್ತು ಕಳೆದುಕೊಳ್ಳುವಂತೆ ಇದು.

ಮೂರನೆಯದು ಗಾಳಿ. ಗಾಳಿಪಟ ಗಾಳಿಗೆ ಎದುರಾಗಿ ಏರುವಂತೆ ವಿಮಾನವೂ ಗಾಳಿಗೆ ಮುಖ ಮಾಡಿಯೇ ಏರುತ್ತದೆ, ಇಳಿಯುತ್ತದೆ. ರೆಕ್ಕೆಯ ಮೇಲೆ ಹಾಯುವ ಗಾಳಿಯ ವೇಗ ಹೆಚ್ಚಿದಷ್ಟೂ ಎತ್ತುವ ಬಲ ಹೆಚ್ಚು, ಬೇಕಾಗುವ ಓಡುದಾರಿ ಕಡಿಮೆ. ಸಾಂಬ್ರಾದ ಓಡುದಾರಿ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿದೆ. ಅದರ ಒಂದು ತುದಿಯ ಸಂಖ್ಯೆ 08, ಇನ್ನೊಂದರದು 26. ದಿಕ್ಸೂಚಿಯ 80 ಡಿಗ್ರಿ, 260 ಡಿಗ್ರಿ ಎಂದು ಅದರ ಅರ್ಥ. ಮಳೆಗಾಲದಲ್ಲಿ ಪಡುವಣ ಗಾಳಿ ಬೀಸುವಾಗ ಬೆಂಗಳೂರಿಗೆ ಹೊರಟ ವಿಮಾನ ಪಶ್ಚಿಮಕ್ಕೆ ಏರಿ, ಆಮೇಲೆ ಆಗ್ನೇಯಕ್ಕೆ ತಿರುಗಬೇಕಾಗುತ್ತದೆ. ಹೋಗಬೇಕಾದ ಊರಿಗೆ ಬೆನ್ನು ಮಾಡಿ ಹೊರಡುವುದೆಂದರೆ ಇದೇ! ಬೆಂಗಳೂರಿನಲ್ಲಿಯೂ ನಿಲ್ದಾಣವನ್ನು ಹಾಯ್ದು ಮೂಡಣಕ್ಕೆ ಹೋಗಿ, ತಿರುಗಿ ಬಂದು ಇಳಿಯಬೇಕು. ಹೀಗೆ 33 ನಿಮಿಷ 70 ನಿಮಿಷವಾಗುತ್ತದೆ.

ಹಬ್ಬದ ದಿನ ಇನ್ನೊಂದು ಲೆಕ್ಕ ಹೊರಬಿತ್ತು. ಮಗಳು ಬೆಂಗಳೂರಿನ ತನ್ನ ಕೋಣೆ ಬಿಟ್ಟದ್ದು ನಸುಕಿನ ನಾಲ್ಕಕ್ಕೆ. ಊರ ನಡುವಿನಿಂದ ವಿಮಾನ ನಿಲ್ದಾಣ ಸುಮಾರು 35 ಕಿ.ಮೀ. ಅಲ್ಲಿಗೆ ಬಸ್ಸು, ಅಲ್ಲಿ ತಪಾಸಣೆ, ಕಾಯುವಿಕೆ. ಏಳೂವರೆಗೆ ಹೊರಟ ವಿಮಾನ ಎಂಟು ನಲವತ್ತಕ್ಕೆ ಸಾಂಬ್ರಾದಲ್ಲಿ ನಿಂತಿತು. ಸಾಮಾನು ಪಡೆದು, ಬೆಳಗಾವಿ ಬಸ್‌ಸ್ಟ್ಯಾಂಡಿಗೆ ಬಂದು, ಸವದತ್ತಿ ಬಸ್ಸು ಹಿಡಿದು ಮನೆ ಮುಟ್ಟುವಾಗ ಹನ್ನೆರಡೂವರೆ. “ಒಂದ ತಾಸಂದಿ, ಮುಂಜಾನಿಂದ ಬಾಗಲಾ ನೋಡಾಕತ್ತೀನಿ. ರೊಟ್ಟಿ ಆರಿ ಕಟಕಾದು” ಎಂದಳು ಅವ್ವ. ಹುಡುಗ ಪಟ್ಟಿಯಲ್ಲಿ ಮೂರನೆಯ ಅಂಕಿ ಬರೆದ: ಎಂಟೂವರೆ ತಾಸು.

ಒಂದೇ ಪ್ರಯಾಣಕ್ಕೆ 33 ನಿಮಿಷ, 70 ನಿಮಿಷ, ಎಂಟೂವರೆ ತಾಸು. ಯಾವುದು ಸರಿ? ಮೂರೂ ಸರಿ. ಮೊದಲನೆಯದು ಗಣಿತದ ಪ್ರಶ್ನೆಗೆ ಉತ್ತರ. ಎರಡನೆಯದು ವಿಮಾನದ ವೇಳಾಪಟ್ಟಿಗೆ ಉತ್ತರ. ಮೂರನೆಯದು ಅವ್ವನ ಪ್ರಶ್ನೆಗೆ ಉತ್ತರ. ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದಕ್ಕೆ ಬರೆದರೆ ಮಾತ್ರ ತಪ್ಪು.

ಹುಡುಗ ಅಲ್ಲಿಗೇ ಬಿಡಲಿಲ್ಲ. ಜಿಲ್ಲೆಯ ನಕಾಶೆ ಹರಡಿ ಕೈವಾರ ತೆಗೆದ. ಸಾಂಬ್ರಾದಿಂದ ಬೈಲಹೊಂಗಲಕ್ಕೆ ನೇರ ದೂರ ಸುಮಾರು 27 ಕಿ.ಮೀ., ಕಿತ್ತೂರಿಗೆ 34, ಸವದತ್ತಿಗೆ 54, ರಾಮದುರ್ಗಕ್ಕೆ 74. ಆಮೇಲೆ ಕೈವಾರದ ಮುಳ್ಳನ್ನು ಹುಬ್ಬಳ್ಳಿಯ ವಿಮಾನ ನಿಲ್ದಾಣಕ್ಕೆ ಊರಿದ. ಬೈಲಹೊಂಗಲಕ್ಕೆ 55, ಕಿತ್ತೂರಿಗೆ 41, ಸವದತ್ತಿಗೆ 46, ರಾಮದುರ್ಗಕ್ಕೆ 69. ನಾಲ್ಕೂ ಊರುಗಳು ಬೆಳಗಾವಿ ಜಿಲ್ಲೆಯವೇ. ಆದರೆ ಬೈಲಹೊಂಗಲ, ಕಿತ್ತೂರುಗಳಿಗೆ ಸಾಂಬ್ರಾ ಹತ್ತಿರ. ಸವದತ್ತಿ, ರಾಮದುರ್ಗಗಳಿಗೆ ಹುಬ್ಬಳ್ಳಿಯೇ ಹತ್ತಿರ! ಜಿಲ್ಲೆಯ ಗಡಿ ನೋಡಿ ಟಿಕೇಟು ತೆಗೆಯುವವರು ಇದನ್ನು ಗಮನಿಸುವುದೇ ಇಲ್ಲ. ಇವು ಹಕ್ಕಿ ಹಾರುವ ದೂರಗಳು. ರಸ್ತೆಯಲ್ಲಿ ಇನ್ನೂ ಹೆಚ್ಚು.

ನಕಾಶೆಯ ಮೇಲೆ ಅವನಿಗೆ ಇನ್ನೊಂದು ಸಂಗತಿ ಕಂಡಿತು. ಹುಬ್ಬಳ್ಳಿ ನಿಲ್ದಾಣ ಬೆಳಗಾವಿ–ಬೆಂಗಳೂರು ಗೆರೆಯ ತೀರ ಹತ್ತಿರದಲ್ಲಿದೆ. ಸಾಂಬ್ರಾದಿಂದ ಹುಬ್ಬಳ್ಳಿಗೆ ನೇರ 74 ಕಿ.ಮೀ., ಅಲ್ಲಿಂದ ಬೆಂಗಳೂರಿಗೆ ಸುಮಾರು 370. ಸಾಂಬ್ರಾದಿಂದ ರಾಮದುರ್ಗಕ್ಕೂ ಅದೇ 74. ಬೆಂಗಳೂರಿನ ದಾರಿಯಲ್ಲಿ ವಿಮಾನ ಆ 74 ಕಿ.ಮೀ.ಯನ್ನು ಏಳೆಂಟು ನಿಮಿಷದಲ್ಲಿ ದಾಟುತ್ತದೆ. ವಿಮಾನ ಇಳಿದು ನೇಸರಗಿ, ಯರಗಟ್ಟಿಯ ಮೇಲೆ ರಾಮದುರ್ಗಕ್ಕೆ ಹೊರಟ ಅಜ್ಜನಿಗೆ ಅಷ್ಟೇ ದೂರಕ್ಕೆ ಎರಡು ತಾಸಿಗೂ ಹೆಚ್ಚು ಬೇಕು. ವಿಮಾನ ಕಡಿಮೆ ಮಾಡಿದ್ದು ನಡುವಿನ ದಾರಿಯನ್ನು. ಎರಡು ತುದಿಗಳು ಇದ್ದ ಹಾಗೆಯೇ ಇವೆ.

ತುದಿಗಳ ಕಥೆ ಹಳೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷರ ವಾಯುಪಡೆ ಸಾಂಬ್ರಾದಲ್ಲಿ ವಿಮಾನ ಇಳಿಸಲು ಜಾಗ ಕಟ್ಟಿತು. ಪ್ರಯಾಣಿಕರಿಗೆ ಅಲ್ಲಿ ಹೊಸ ಕಟ್ಟಡ ತೆರೆದದ್ದು 2017ರಲ್ಲಿ. ಆದರೆ ಈ ನಾಲ್ಕು ಊರುಗಳಲ್ಲಿ ಒಂದಕ್ಕೂ ಇನ್ನೂ ರೈಲಿಲ್ಲ. ಕಿತ್ತೂರಿನ ಮೇಲೆ ಹಾಯುವ ಧಾರವಾಡ–ಬೆಳಗಾವಿ ನೇರ ಮಾರ್ಗಕ್ಕೆ 2020ರಲ್ಲಿ ಒಪ್ಪಿಗೆ ದೊರೆತಿದೆ. 2025ರ ಆಗಸ್ಟ್‌ನಲ್ಲಿ ಬೆಳಗಾವಿ–ಬೆಂಗಳೂರು ನಡುವೆ ವಂದೇ ಭಾರತ್ ರೈಲು ಆರಂಭವಾಯಿತು. ಹುಬ್ಬಳ್ಳಿ, ದಾವಣಗೆರೆ ದಾಟಿ ಆರುನೂರು ಕಿ.ಮೀ.ಗೂ ಮಿಕ್ಕ ದಾರಿಯನ್ನು ಅದು ಸುಮಾರು ಎಂಟೂವರೆ ತಾಸಿನಲ್ಲಿ ಕ್ರಮಿಸುತ್ತದೆ. ಅದನ್ನು ಹತ್ತಬೇಕಾದರೂ ಬೈಲಹೊಂಗಲದವರು ಬೆಳಗಾವಿಗೆ, ಕಿತ್ತೂರು, ಸವದತ್ತಿಯವರು ಧಾರವಾಡಕ್ಕೆ ಬಸ್ಸಿನಲ್ಲಿಯೇ ಹೋಗಬೇಕು.

ಅದೇ ವರ್ಷ ಚಳಿ ಬಿದ್ದ ಮೇಲೆ ಆ ಮನೆಗೆ ಈ ಲೆಕ್ಕ ನಿಜವಾಗಿ ಬೇಕಾಯಿತು. ಕೆಲ ದಿನಗಳಿಂದ ಹಾಸಿಗೆ ಹಿಡಿದಿದ್ದ ಆಯಿಗೆ ಒಂದು ಸಂಜೆ ಉಸಿರು ಏರಿತು. ನೋಡಿದ ಡಾಕ್ಟರು, ದೂರದವರಿದ್ದರೆ ಕರೆಸಿರಿ ಎಂದರು. ಆಯಿ ಕೇಳುತ್ತಿದ್ದುದು ಮೊಮ್ಮಗಳನ್ನೇ. ರಾತ್ರಿ ಎಂಟೂವರೆಗೆ ಅಪ್ಪ ಫೋನು ಹಚ್ಚಿದರು. “ರೊಕ್ಕದ ಚಿಂತಿ ಬ್ಯಾಡವಾ. ಮುಂಜಾನಿ ವಿಮಾನಕ್ಕ ಬಾ. ಲಗೂ ಬರ್ತಿ” ಎಂದರು. ಸಂಕಟದಲ್ಲಿರುವ ತಂದೆ ಇನ್ನೇನು ಹೇಳಿಯಾನು? ಎಲ್ಲಕ್ಕಿಂತ ವೇಗವಾದುದು ವಿಮಾನ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು.

ಪಕ್ಕದಲ್ಲಿದ್ದ ಹುಡುಗ, “ಅಪ್ಪಾ, ವಿಮಾನಕ್ಕ ಬಂದ್ರ ತಡಾ ಆಗತೈತ್ರಿ” ಎಂದ. ಅಪ್ಪ ಗದರಿಸುವವರಿದ್ದರು. ಅಷ್ಟರಲ್ಲಿ ಅವನು ಪಟ್ಟಿ ತಂದು ತೋರಿಸಿದ. ಮುಂಜಾನೆಯ ವಿಮಾನ ಏಳೂವರೆಗೆ. ಹುಬ್ಬಳ್ಳಿಗೆ ಬಂದರೂ ಹೊರಗೆ ಬರುವಾಗ ಒಂಬತ್ತು, ಧಾರವಾಡದ ಮೇಲೆ ಕಾರು ಮಾಡಿಕೊಂಡು ಮನೆ ಮುಟ್ಟುವಾಗ ಹತ್ತೂವರೆ. ಚಳಿಗಾಲದಲ್ಲಿ ಬೆಂಗಳೂರು ನಿಲ್ದಾಣಕ್ಕೆ ಮಂಜು ಕವಿದು ಬೆಳಗಿನ ವಿಮಾನಗಳು ತಡವಾಗುವುದೂ ಉಂಟು. ರಾತ್ರಿ ಹತ್ತರ ಬಸ್ಸು ಹಿಡಿದರೆ ಸುಮಾರು 470 ಕಿ.ಮೀ. ದಾರಿ ಒಂಬತ್ತು ತಾಸು. ಏಳಕ್ಕೆ ಇಲ್ಲಿರುತ್ತಾಳೆ. ವಿಮಾನ ಹಾರುವುದಕ್ಕಿಂತ ಮೊದಲೇ ಅಕ್ಕ ಮನೆಯಲ್ಲಿರುತ್ತಾಳೆ.

ಅಪ್ಪ ಪಟ್ಟಿಯನ್ನು ಎರಡು ಸಲ ನೋಡಿದರು. ಮಗಳಿಗೆ ಮತ್ತೆ ಫೋನು ಮಾಡಿ ಬಸ್ಸಿಗೇ ಬರಲು ಹೇಳಿದರು.

ಅವಳು ಏಳು ಗಂಟೆ ಹತ್ತು ನಿಮಿಷಕ್ಕೆ ಬಂದಳು. ಆಯಿ ಗುರುತು ಹಿಡಿದಳು. ಮೊಮ್ಮಗಳ ಕೈಯಿಂದ ಎರಡು ಚಮಚ ಗಂಜಿ ಕುಡಿದಳು, ಕೈ ಹಿಡಿದುಕೊಂಡು ಏನೇನೋ ಕೇಳಿದಳು, ಒಮ್ಮೆ ನಕ್ಕಳು ಕೂಡ. ಒಂಬತ್ತೂವರೆಯ ಸುಮಾರಿಗೆ ಮಾತು ನಿಂತಿತು. ಹತ್ತಕ್ಕೆ ಎಲ್ಲ ಮುಗಿದಿತ್ತು.

ವಿಮಾನ ಕೆಟ್ಟದ್ದೆಂದು ಇದರ ಅರ್ಥವಲ್ಲ. ಹಗಲು ಹೊತ್ತಿನಲ್ಲಿ ಹೊರಡಬೇಕಾದ ಬೈಲಹೊಂಗಲದವನಿಗೆ ಸಾಂಬ್ರಾ ಒಂದು ತಾಸಿನ ದಾರಿ. ಕಾಯುವುದು, ಹಾರುವುದು, ಬೆಂಗಳೂರಿನ ಊರೊಳಗಿನ ದಾರಿ ಎಲ್ಲ ಕೂಡಿದರೂ ಆರು ತಾಸಿನ ಸುಮಾರಿಗೆ ಅವನು ಮುಟ್ಟಬಲ್ಲ. ಬಸ್ಸಿಗಿಂತ ಮೂರು ನಾಲ್ಕು ತಾಸು ಉಳಿಯುತ್ತದೆ. ರಾಮದುರ್ಗದವನಿಗೆ ಅದೇ ವಿಮಾನದಲ್ಲಿ ಉಳಿಯುವುದು ಕಡಿಮೆ. ರಾತ್ರಿ ಬಸ್ಸಿನಲ್ಲಿ ನಿದ್ದೆಯಲ್ಲಿಯೇ ದಾರಿ ಸವೆಯುವುದರಿಂದ ಅವನ ಹಗಲು ಹಾಳಾಗುವುದಿಲ್ಲ ಎಂಬುದನ್ನೂ ಎಣಿಸಬೇಕು. ವಿಮಾನಕ್ಕೆ ವೇಗ ಹೆಚ್ಚು, ಸರದಿ ಕಡಿಮೆ. ಬಸ್ಸಿಗೆ ವೇಗ ಕಡಿಮೆ, ಸರದಿ ಹೆಚ್ಚು. ಒಂದು ವಿಮಾನ ತಪ್ಪಿದರೆ ಮುಂದಿನದು ಅರ್ಧ ದಿನವೋ ಒಂದು ದಿನವೋ ಆಮೇಲೆ. ಈ ಕಾಯುವ ಹೊತ್ತನ್ನು ವೇಗದ ಸೂತ್ರ ಹೇಳುವುದಿಲ್ಲ.

ದೂರವನ್ನು ವೇಗದಿಂದ ಭಾಗಿಸಿದರೆ ವೇಳೆ ಬರುತ್ತದೆ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಸೂತ್ರ ಸರಿಯೇ. ಆದರೆ ಯಾವ ದೂರ, ಎಲ್ಲಿಂದ ಎಲ್ಲಿಗೆ, ಯಾರ ಗಡಿಯಾರ ಎಂದು ಕೇಳಿಕೊಳ್ಳುವ ಅಭ್ಯಾಸ ಸೂತ್ರದ ಜೊತೆಗೇ ಬರಬೇಕು. ಸಂದರ್ಶನಕ್ಕೆ ಹತ್ತು ಗಂಟೆಗೆ ಹಾಜರಾಗಬೇಕಾದ ಹುಡುಗನಿಗೂ, ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೊರಟವರಿಗೂ ಆ ಕೇಳ್ವಿಕೆ ಉಪಯೋಗಕ್ಕೆ ಬರುತ್ತದೆ. ತಂದೆತಾಯಿಯರು ಒಂದು ಭಾನುವಾರ ಮಕ್ಕಳ ಮುಂದೆ ಜಿಲ್ಲೆಯ ನಕಾಶೆ, ಬಸ್ಸಿನ ವೇಳಾಪಟ್ಟಿ, ಒಂದು ಕೈವಾರ ಇಡಲಿ. ತಮ್ಮ ಮನೆಯ ಬಾಗಿಲಿನಿಂದ ಬೆಂಗಳೂರಿನಲ್ಲಿರುವ ಅಣ್ಣನದೋ ಅಕ್ಕನದೋ ಬಾಗಿಲಿನವರೆಗೆ ಎಷ್ಟು ಹೊತ್ತಿನ ದಾರಿ ಎಂದು ಕೇಳಲಿ. ಹಗಲು ಹೊರಟರೆ ಎಷ್ಟು, ರಾತ್ರಿ ಫೋನು ಬಂದರೆ ಎಷ್ಟು ಎಂದು ಬೇರೆ ಬೇರೆ ಬರೆಸಲಿ. ಆ ಹಾಳೆಯನ್ನು ಫೋನಿನ ಪಕ್ಕದ ಗೋಡೆಗೆ ಅಂಟಿಸಿ ಇಟ್ಟರೂ ನಷ್ಟವಿಲ್ಲ.